ನಳಿಗೆ ಎಷ್ಟುದ್ದ ಇರಬೇಕು? ಗುರಿ ರೈಫಲ್ಲಿನ ತೂಕದ ಲೆಕ್ಕ

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 451.4 ಅಂಕ ಗಳಿಸಿ ಕಂಚು ಗೆದ್ದಾಗ, 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್ ಎಂಬ ಸ್ಪರ್ಧೆಯ ಹೆಸರನ್ನು ನಮ್ಮಲ್ಲಿ ಬಹಳ ಜನ ಮೊದಲ ಸಲ ಕೇಳಿದರು. ಈ ಸ್ಪರ್ಧೆಯಲ್ಲಿ ಭಾರತಕ್ಕೆ ಸಿಕ್ಕ ಮೊದಲ ಒಲಿಂಪಿಕ್ ಪದಕ ಅದು. ಸ್ವಪ್ನಿಲ್ ಅವರ ಊರು ಕೊಲ್ಲಾಪುರ ಜಿಲ್ಲೆಯ ರಾಧಾನಗರಿ ತಾಲೂಕಿನ ಕಾಂಬಳವಾಡಿ. ನೌಕರಿ ಮಧ್ಯ ರೈಲ್ವೆಯಲ್ಲಿ. ಅಭ್ಯಾಸ ಮಾಡಿದ್ದು ನಾವು ಪುಣೆಯವರು ದಿನಾ ಓಡಾಡುವ ಬಾಲೇವಾಡಿಯಲ್ಲಿ. ಅದಕ್ಕೂ ಮೊದಲು, 2010ರಲ್ಲಿ, ಅದೇ ಕೊಲ್ಲಾಪುರದ ತೇಜಸ್ವಿನಿ ಸಾವಂತ್ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್ ಸ್ಪರ್ಧೆಯ ವಿಶ್ವ ಚಾಂಪಿಯನ್ ಆಗಿದ್ದರು. ನಿಪ್ಪಾಣಿ, ಚಿಕ್ಕೋಡಿ, ಅಥಣಿ ಕಡೆಯವರಿಗೆ ಕೊಲ್ಲಾಪುರವೆಂದರೆ ಪರಊರೇನಲ್ಲ. ಹಾಗಾಗಿ ಪದಕದ ಬಿಸಿ ಗಡಿಯ ಈಚೆಗೂ ಆಚೆಗೂ ಒಂದೇ ರೀತಿ ತಟ್ಟಿತು.

ನಾನು ಹಿಂಜವಡಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವನು. ಆರು ವರ್ಷದಿಂದ ಶನಿವಾರ, ಭಾನುವಾರ ಬೆಳಿಗ್ಗೆ ಒಂದು ಕ್ಲಬ್ಬಿನಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಾರಿಸುತ್ತೇನೆ. ಪದಕ ಗಿದಕದ ಆಸೆ ಇಲ್ಲ. ವಾರವಿಡೀ ಪರದೆ ನೋಡಿದ ಕಣ್ಣಿಗೆ 50 ಮೀಟರ್ ದೂರದ ಕಪ್ಪು ಚುಕ್ಕೆ ನೋಡುವುದೇ ಒಂದು ವಿಶ್ರಾಂತಿ. ಆದರೆ ಎಂ.ಟೆಕ್ ಮಾಡುವಾಗ ಹತ್ತಿದ ಲೆಕ್ಕದ ಚಟ ಬಿಟ್ಟಿಲ್ಲ. ಅದರಿಂದಾಗಿ ಕ್ಲಬ್ಬಿನಲ್ಲಿ ಯಾರಾದರೂ ಹೊಸ ರೈಫಲ್ ಕೊಳ್ಳುವ ಮಾತೆತ್ತಿದರೆ ಕೋಚ್ ಸಾಹೇಬರು ಅವರನ್ನು ನನ್ನ ಲ್ಯಾಪ್‌ಟಾಪಿನ ಹತ್ತಿರ ಕಳಿಸುತ್ತಾರೆ.

ಹಾಗೆ ಬಂದವರಲ್ಲಿ ಒಬ್ಬರು ಅಥಣಿ ಕಡೆಯ ಕಬ್ಬಿನ ರೈತರು. ಮಗ ಪುಣೆಯಲ್ಲಿ ಡಿಗ್ರಿ ಓದುತ್ತ ಎರಡು ವರ್ಷದಿಂದ ಕ್ಲಬ್ಬಿನ ರೈಫಲ್ಲಿನಲ್ಲಿ ಅಭ್ಯಾಸ ಮಾಡುತ್ತಿದ್ದಾನೆ. ಈಗ ಇಪ್ಪತ್ತೊಂದು ತುಂಬಿದೆ, ಲೈಸೆನ್ಸ್ ಕೈಗೆ ಬಂದಿದೆ. ಸ್ವಂತ ರೈಫಲ್ ತೆಗೆಯಬೇಕು. ಜರ್ಮನಿಯದೋ ಸ್ವಿಟ್ಜರ್ಲೆಂಡಿನದೋ ಒಂದು ಒಳ್ಳೆಯ ರೈಫಲ್ ಎಂದರೆ ಒಂದು ಸಣ್ಣ ಕಾರಿನ ದುಡ್ಡು. ಎರಡು ಹಂಗಾಮಿನ ಕಬ್ಬಿನ ಬಿಲ್ಲು ಒಟ್ಟು ಮಾಡಿ, ಮೇಲಷ್ಟು ಸೊಸೈಟಿಯಲ್ಲಿ ಸಾಲ ಎತ್ತಿ ಅವರು ಹಣ ಹೊಂದಿಸಿದ್ದರು.

"ಸರ, ಉದ್ದ ನಳಿಗಿದ್ದನ್ನ ತಗೊಂಡ್ರ ಛಲೋ ಅಲ್ಲೇನ್ರಿ? ಊರಾಗ ಎಲ್ಲಾರೂ ಹಂಗ ಅಂತಾರ. ಹೆಚ್ಚು ಉದ್ದ ಅನ್ನಿಸಿದ್ರ ಆಮ್ಯಾಲೆ ತುಸು ಕೊಯ್ಸಿದ್ರಾತು. ನಮ್ಮ ಕಡಿ ಲೇಥ್ ಮಷೀನ್ ಬೇಕಾದಷ್ಟ ಅದಾವ" ಎಂದರು.

"ಕಾಕಾ, ಆ ಮಾತು ಇಲ್ಲೇ ಮರತಬಿಡ್ರಿ. ಲೇಥಿನ ಮ್ಯಾಲಿಟ್ರ ನಳಿಗಿ ಸಣ್ಣದಾಗೂದಕಿಂತ ಮೊದಲ ಜೈಲ್ ಆಗತೈತಿ" ಎಂದೆ.

ಇದು ತಮಾಷೆಗೆ ಹೇಳಿದ ಮಾತಲ್ಲ. ಭಾರತದ ಶಸ್ತ್ರಾಸ್ತ್ರ ಕಾಯ್ದೆ, 1959ರ 6ನೇ ಕಲಮಿನ ಪ್ರಕಾರ, ಅದಕ್ಕೆಂದೇ ಪಡೆದ ಲೈಸೆನ್ಸ್ ಇಲ್ಲದೆ ಯಾರೂ ಬಂದೂಕಿನ ನಳಿಗೆಯನ್ನು ಮೊಟಕು ಮಾಡುವಂತಿಲ್ಲ. ರೈಫಲ್ ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ನಳಿಗೆ ಕತ್ತರಿಸುವ ಲೈಸೆನ್ಸ್ ಬೇರೆ. ಅಮೆರಿಕದ ಶೂಟರ್‌ಗಳು ವಿಡಿಯೋಗಳಲ್ಲಿ ನಳಿಗೆಯನ್ನು ಎರಡಿಂಚು ಕತ್ತರಿಸಿ, ಹಾರಿಸಿ ನೋಡಿ, ಮತ್ತೆ ಒಂದಿಂಚು ಕತ್ತರಿಸುವುದನ್ನು ತೋರಿಸುತ್ತಾರೆ. ನಮಗೆ ಆ ದಾರಿ ಇಲ್ಲ. ನಳಿಗೆಯ ಉದ್ದವನ್ನು ಆರ್ಡರ್ ಕೊಡುವಾಗಲೇ ನಿರ್ಧರಿಸಬೇಕು. ಕೊಂಡ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ತೂಕದ ಹೊಂದಾಣಿಕೆ ಮಾತ್ರ. ಆದ್ದರಿಂದಲೇ ಈ ಲೆಕ್ಕ ಕೊಳ್ಳುವ ಮೊದಲು ಆಗಬೇಕು.

ಉದ್ದ ನಳಿಗೆ, ನೇರ ಗುರಿ: ಎಷ್ಟು ನಿಜ?

ಮೊದಲು ಗುಂಡಿನ ವಿಷಯ. ಪಾಯಿಂಟ್ ಟೂ ಟೂ ಲಾಂಗ್ ರೈಫಲ್ ತೋಟಾ ಬಹಳ ಪುಟ್ಟದು. ಸೀಸದ ಗುಂಡಿನ ತೂಕ ಸುಮಾರು 2.6 ಗ್ರಾಂ, ವ್ಯಾಸ 5.6 ಮಿ.ಮೀ. ತೋಟಾದ ಹಿಂದಿನ ಅಂಚಿನೊಳಗೆ ಸಿಡಿಮದ್ದು ತುಂಬಿರುವುದರಿಂದ ಇದಕ್ಕೆ ರಿಮ್‌ಫೈರ್ ಎಂಬ ಹೆಸರು. ಒಳಗಿನ ಮದ್ದು ಒಂದು ಚಿಟಿಕೆಯಷ್ಟೂ ಇಲ್ಲ. ಗುಂಡು ನಳಿಗೆಯಲ್ಲಿ 40-45 ಸೆಂ.ಮೀ. ಸಾಗುವಷ್ಟರಲ್ಲಿ ಆ ಮದ್ದು ತನ್ನ ಕೆಲಸ ಮುಗಿಸಿರುತ್ತದೆ. ಅಲ್ಲಿಂದ ಮುಂದೆ ಅನಿಲದ ಒತ್ತಡ ಇಳಿಯುತ್ತ ಹೋಗುತ್ತದೆ, ನಳಿಗೆಯ ಘರ್ಷಣೆ ಮಾತ್ರ ಉಳಿಯುತ್ತದೆ. ದೊಡ್ಡ ರೈಫಲ್‌ಗಳಲ್ಲಿ ಉದ್ದ ನಳಿಗೆ ಗುಂಡಿಗೆ ವೇಗ ಕೊಡುತ್ತದೆ ಎಂಬ ಮಾತು ನಿಜ. ಇದರಲ್ಲಿ ಆ ಲಾಭವಿಲ್ಲ.

ವೇಗ ನಮಗೆ ಬೇಕಾಗಿಯೂ ಇಲ್ಲ. ಸ್ಪರ್ಧೆಯ ತೋಟಾಗಳನ್ನು ಬೇಕೆಂದೇ ಶಬ್ದಕ್ಕಿಂತ ನಿಧಾನವಾಗಿ, ಸೆಕೆಂಡಿಗೆ ಸುಮಾರು 325-330 ಮೀಟರ್ ಹೋಗುವಂತೆ ತಯಾರಿಸುತ್ತಾರೆ. ಶಬ್ದದ ವೇಗ ದಾಟಿ ಹೊರಟ ಗುಂಡು ದಾರಿಯಲ್ಲಿ ಮತ್ತೆ ಆ ವೇಗಕ್ಕಿಂತ ಕೆಳಗಿಳಿಯುವಾಗ ಅದಿರಿ ಅಡ್ಡಾದಿಡ್ಡಿಯಾಗುತ್ತದೆ. ನಿಧಾನವಾಗಿಯೇ ಹೊರಟರೆ ಆ ಗೊಡವೆ ಇಲ್ಲ.

ಹಾಗಾದರೆ ಹಳೆಯ ಗುರಿ ರೈಫಲ್‌ಗಳ ನಳಿಗೆ 69 ಸೆಂ.ಮೀ. ಯಾಕಿತ್ತು? ಮುಖ್ಯ ಕಾರಣ ಕಣ್ಣು. ಈ ಸ್ಪರ್ಧೆಯಲ್ಲಿ ಟೆಲಿಸ್ಕೋಪ್ ಇಲ್ಲ. ಹಿಂದೊಂದು ಸಣ್ಣ ತೂತು, ಮುಂದೊಂದು ಉಂಗುರ, ಅವೆರಡರ ನಡುವೆ ಕಪ್ಪು ಗುರಿ ಕೂರಬೇಕು. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಜೋಡಣೆಯ ತಪ್ಪು ಕಡಿಮೆಯಾಗುತ್ತದೆ. ಅಂತರ 80 ಸೆಂ.ಮೀ. ಇದ್ದು ಕಣ್ಣು 0.1 ಮಿ.ಮೀ. ತಪ್ಪಿದರೆ 50 ಮೀಟರಿನಲ್ಲಿ ಗುಂಡು 6 ಮಿ.ಮೀ.ಗಿಂತ ತುಸು ಹೆಚ್ಚೇ ಸರಿಯುತ್ತದೆ. ಅಂತರ 100 ಸೆಂ.ಮೀ. ಆದರೆ ಅದೇ ತಪ್ಪಿಗೆ 5 ಮಿ.ಮೀ. ಗುರಿಯ ಹತ್ತರ ವೃತ್ತದ ವ್ಯಾಸವೇ 10.4 ಮಿ.ಮೀ. ಎಂದಮೇಲೆ ಆ ಒಂದು ಮಿ.ಮೀ. ಸಣ್ಣದಲ್ಲ.

ಆದರೆ ಮುಂದಿನ ಉಂಗುರವನ್ನು ದೂರ ಇಡುವುದಕ್ಕೆ ಉಕ್ಕಿನ ನಳಿಗೆಯೇ ಬೇಕೆಂದಿಲ್ಲ. ನಳಿಗೆಯ ತುದಿಗೆ ಒಂದು ಅಲ್ಯುಮಿನಿಯಂ ಕೊಳವೆ ತೊಡಿಸಿ, ಉಂಗುರವನ್ನು ಅದರ ಮೇಲೆ ಕೂರಿಸಿದರೂ ಸಾಕು. ಶೂಟರ್‌ಗಳು ಇದನ್ನು ಟ್ಯೂಬ್ ಎನ್ನುತ್ತಾರೆ. ಗುಂಡು ಇದರೊಳಗೆ ಏನನ್ನೂ ಮುಟ್ಟದೆ ಗಾಳಿಯಲ್ಲೇ ಸಾಗುತ್ತದೆ. ಅನ್‌ಶುಟ್ಸ್ ಕಂಪನಿಯ 2013ರಂಥ ಮಾದರಿಗಳು 50 ಸೆಂ.ಮೀ. ನಳಿಗೆಯಲ್ಲೂ ಬಂದಿರುವುದು ಈ ಕಾರಣಕ್ಕೆ. ಒಂದು ಎಚ್ಚರಿಕೆ: ರೈಫಲ್ಲಿಗೆ ಮಜಲ್ ಬ್ರೇಕ್, ಕಾಂಪನ್ಸೇಟರ್ ಹಾಕುವುದನ್ನು ಅಂತರರಾಷ್ಟ್ರೀಯ ನಿಯಮ ನಿಷೇಧಿಸುತ್ತದೆ. ಟ್ಯೂಬ್ ಖಾಲಿ ಕೊಳವೆಯಾಗಿಯೇ ಇರಬೇಕು, ಒಳಗೆ ಏನೂ ಜೋಡಿಸಿರಬಾರದು.

ಗಿಡ್ಡ ನಳಿಗೆಗೆ ತನ್ನದೇ ಗುಣವೂ ಇದೆ. ಒಂದೇ ದಪ್ಪದ ಎರಡು ಸರಳುಗಳಲ್ಲಿ ಗಿಡ್ಡದ್ದು ಬಾಗುವುದು ಕಡಿಮೆ. ಬಾಗುವಿಕೆ ಉದ್ದದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. 69ನ್ನು 50ರಿಂದ ಭಾಗಿಸಿ ಘನ ತೆಗೆದರೆ 2.6 ಬರುತ್ತದೆ. ಎಂದರೆ 50 ಸೆಂ.ಮೀ. ನಳಿಗೆ ಎರಡೂವರೆ ಪಟ್ಟಿಗೂ ಹೆಚ್ಚು ಬಿಗಿ.

ಗುಂಡು ಬೇಗ ಹೊರಬೀಳುತ್ತದೆ ಎಂಬ ಇನ್ನೊಂದು ವಾದವನ್ನು ಅಂಗಡಿಯವರು ಬಹಳ ಒತ್ತಿ ಹೇಳುತ್ತಾರೆ. ನಿಜ, 19 ಸೆಂ.ಮೀ. ಕಡಿಮೆಯಾದರೆ ಗುಂಡು ಸುಮಾರು 0.6 ಮಿಲಿಸೆಕೆಂಡ್ ಮೊದಲೇ ಹೊರಗಿರುತ್ತದೆ. ಆದರೆ ಆ ಹೊತ್ತಿನಲ್ಲಿ ಕೈ ಎಷ್ಟು ಅಲ್ಲಾಡೀತು? ನಮ್ಮ ಗುರಿ ಸೆಕೆಂಡಿಗೆ 100 ಮಿ.ಮೀ. ವೇಗದಲ್ಲಿ ಅಲೆಯುತ್ತಿದೆ ಎಂದುಕೊಂಡರೂ 0.6 ಮಿಲಿಸೆಕೆಂಡಿನಲ್ಲಿ ಅದು ಸರಿಯುವುದು 0.06 ಮಿ.ಮೀ. ಹಿಮ್ಮೆಟ್ಟುವಿಕೆಯೂ ಅಷ್ಟೇ. 2.6 ಗ್ರಾಂ ಗುಂಡು 69 ಸೆಂ.ಮೀ. ಮುಂದೆ ಹೋಗುವಷ್ಟರಲ್ಲಿ 7 ಕೆ.ಜಿ. ರೈಫಲ್ ಹಿಂದೆ ಸರಿಯುವುದು ಕಾಲು ಮಿಲಿಮೀಟರ್. ಇದಕ್ಕೋಸ್ಕರ ಯಾರೂ ಲಕ್ಷ ರೂಪಾಯಿ ಖರ್ಚು ಮಾಡಬೇಕಿಲ್ಲ.

ಒಟ್ಟಿನಲ್ಲಿ ಗುಂಡಿನ ದೃಷ್ಟಿಯಿಂದ ನೋಡಿದರೆ 50 ಆದರೇನು, 69 ಆದರೇನು, ಒಳ್ಳೆಯ ನಳಿಗೆಗೆ ಒಪ್ಪುವ ತೋಟಾ ಸಿಕ್ಕರೆ ಎರಡೂ ಹತ್ತಕ್ಕೇ ಬಡಿಯುತ್ತವೆ. ದೊಡ್ಡ ವ್ಯತ್ಯಾಸ ಇರುವುದು ರೈಫಲ್ ಹಿಡಿದವನ ಕೈಗೆ, ಬೆನ್ನಿಗೆ.

ನಳಿಗೆಗೆ ತಕ್ಕ ಚಾಸಿ

ಮೊದಲೆಲ್ಲ ಗುರಿ ರೈಫಲ್‌ಗಳ ದೇಹ ಮರದ್ದು. ವಾಲ್‌ನಟ್ಟೋ ಬೀಚೋ, ದಪ್ಪ ದಿಮ್ಮಿಯಂಥ ಮುಂಭಾಗ, ದಪ್ಪ ಹಿಂಭಾಗ. ಈಗಿನದು ಅಲ್ಯುಮಿನಿಯಂ ಚಾಸಿ. ನಡುವೆ ಒಂದು ಬೆನ್ನೆಲುಬು. ಅದಕ್ಕೆ ಬೇಕಾದ ಹಾಗೆ ಹಿಡಿಕೆ, ಕೆನ್ನೆಯ ಆಸರೆ, ಭುಜದ ಕೊಕ್ಕೆ, ಅಂಗೈಯ ಆಸರೆ ಜೋಡಿಸಿಕೊಳ್ಳಬಹುದು. ಪ್ರತಿಯೊಂದನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸಬಹುದು.

ಆದರೆ ಇದರಿಂದ ಒಂದು ಬದಲಾವಣೆಯಾಗಿದೆ. ಸರಿಸಬಹುದಾದ ಲೋಹದ ಭಾಗಗಳು ಹೆಚ್ಚಾಗಿ ಹಿಂಬದಿಯಲ್ಲಿರುತ್ತವೆ: ಭುಜದ ಕೊಕ್ಕೆ, ಅದರ ಸರಳುಗಳು, ಕೆನ್ನೆಯ ಆಸರೆ. ಮುಂಬದಿಯಲ್ಲಿ ತೆಳ್ಳಗಿನ ಅಲ್ಯುಮಿನಿಯಂ ಹಳಿ ಅಷ್ಟೇ. ಹಳೆಯ ಮರದ ರೈಫಲ್ಲಿನ ನಳಿಗೆಯನ್ನೇ ತೆಗೆದು ಹೊಸ ಚಾಸಿಗೆ ಕೂರಿಸಿದರೂ ಅದು ಬೇರೆಯದೇ ರೈಫಲ್ಲಿನಂತೆ ಅನ್ನಿಸುವುದು ಇದಕ್ಕೆ. ಗಿಡ್ಡ ನಳಿಗೆಗೆ ಹಿಂಭಾರದ ಚಾಸಿ ಸೇರಿಸಿದರೆ ಮೂತಿ ಹಗುರಾಗಿ ಗಾಳಿಗೆ ಆಡುತ್ತದೆ. ಉದ್ದ ನಳಿಗೆಗೆ ಮುಂಭಾರದ ಮರದ ದೇಹ ಸೇರಿಸಿದರೆ ಎಡಗೈ ಸೋತುಹೋಗುತ್ತದೆ. ನಳಿಗೆಯನ್ನು ಮಾತ್ರ ನೋಡಿ, ಚಾಸಿಯನ್ನು ಮಾತ್ರ ನೋಡಿ ಕೊಳ್ಳುವುದು ವ್ಯರ್ಥ. ಎರಡನ್ನೂ ಜೋಡಿಸಿ ನೋಡಿದ ಮೇಲೆಯೇ ತೀರ್ಮಾನ.

ಅಂಕಿಯಲ್ಲಿ ಹೇಳುವುದಾದರೆ

ನಮ್ಮ ಕ್ಲಬ್ಬಿನಲ್ಲಿ ಎರಡು ರೈಫಲ್ ಇವೆ, ಒಂದು 69 ಸೆಂ.ಮೀ. ನಳಿಗೆಯದು, ಇನ್ನೊಂದು 50 ಸೆಂ.ಮೀ. ನಳಿಗೆಗೆ 20 ಸೆಂ.ಮೀ. ಟ್ಯೂಬ್ ಇರುವಂಥದ್ದು. ಎರಡರ ಚಾಸಿಯೂ ಒಂದೇ ನಮೂನೆ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಲೆಕ್ಕ ಮಾಡಿದೆ.

23 ಮಿ.ಮೀ. ದಪ್ಪದ ಉಕ್ಕಿನ ನಳಿಗೆ ಒಂದು ಸೆಂ.ಮೀ.ಗೆ ಸುಮಾರು 30 ಗ್ರಾಂ ತೂಗುತ್ತದೆ. ಆದ್ದರಿಂದ 19 ಸೆಂ.ಮೀ. ವ್ಯತ್ಯಾಸವೆಂದರೆ 580 ಗ್ರಾಂ. ಕೇಳಲಿಕ್ಕೆ ಇದು ಸಣ್ಣ ತೂಕ, ಆದರೆ ಅದಿರುವುದು ತುತ್ತತುದಿಯಲ್ಲಿ. ಉದ್ದ ನಳಿಗೆಯ ರೈಫಲ್ 6.5 ಕೆ.ಜಿ. ಇದ್ದು, ಅದರ ಸಮತೋಲ ಬಿಂದು ನಳಿಗೆಯ ಹಿಂಬದಿಯ ಅಂಚಿನಿಂದ 10 ಸೆಂ.ಮೀ. ಮುಂದಿತ್ತು. ನಳಿಗೆ 50 ಸೆಂ.ಮೀ.ಗೆ ಇಳಿದರೆ ಆ ಬಿಂದು ಸುಮಾರು 5 ಸೆಂ.ಮೀ.ಗೆ ಬರುತ್ತದೆ. ಸುಮಾರು 95 ಗ್ರಾಮಿನ ಅಲ್ಯುಮಿನಿಯಂ ಟ್ಯೂಬ್ ಹಾಕಿದಾಗ 6 ಸೆಂ.ಮೀ. ನೋಡಲು ಎರಡೂ ರೈಫಲ್ ಒಂದೇ ಉದ್ದ, ಮುಂದಿನ ಉಂಗುರವೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿದೆ. ಆದರೆ ಸಮತೋಲ 4 ಸೆಂ.ಮೀ. ಹಿಂದೆ.

ಈ ನಾಲ್ಕು ಸೆಂ.ಮೀ. ಏನು ಮಾಡುತ್ತದೆ? ನಿಂತು ಹಾರಿಸುವಾಗ ಎಡ ಮೊಣಕೈ ಸೊಂಟಕ್ಕೆ ಊರಿರುತ್ತದೆ, ಎಡ ಅಂಗೈ ರೈಫಲ್ಲಿನ ಅಡಿಯಲ್ಲಿರುತ್ತದೆ. ಹುಡುಗನ ಕೈ ನಳಿಗೆಯ ಹಿಂಬದಿಯ ಅಂಚಿನಿಂದ 2 ಸೆಂ.ಮೀ. ಮುಂದೆ ಬರುತ್ತಿತ್ತು. ಉದ್ದ ನಳಿಗೆಯಲ್ಲಿ ಸಮತೋಲ ಅವನ ಕೈಯಿಂದ 8 ಸೆಂ.ಮೀ. ಮುಂದೆ ಬಿತ್ತು. ಮೂತಿ ಕೆಳಗೆ ಬಾಗದಿರಲು ಹಿಂದಿನ ತುದಿಯನ್ನು ಭುಜದ ಕೊಕ್ಕೆ ಒಂದು ಕೆ.ಜಿ.ಯಷ್ಟು ಬಲದಿಂದ ಕೆಳಗೆ ಹಿಡಿದಿಡಬೇಕು. ಆ ಬಲ ಬರುವುದು ಬೆನ್ನಿನಿಂದ. ಗಿಡ್ಡ ನಳಿಗೆಯಲ್ಲಿ, ತೂಕದ ಬಿಲ್ಲೆಗಳನ್ನು ಸೇರಿಸಿದ ಮೇಲೂ, ಅದು 600 ಗ್ರಾಮಿಗೆ ಇಳಿಯಿತು. ಈಗಿನ ನಿಯಮದ ಪ್ರಕಾರ ಮಂಡಿಯೂರಿ 20, ಬೋರಲು ಮಲಗಿ 20 ಹೊಡೆದು, ಕೊನೆಗೆ ನಿಂತು 20 ಹೊಡೆಯಬೇಕು. ಎದ್ದು ನಿಲ್ಲುವ ಹೊತ್ತಿಗೆ ಮೈ ಆಗಲೇ ದಣಿದಿರುತ್ತದೆ. ಆರಡಿ ಆಳಿಗೆ ಆ 400 ಗ್ರಾಂ ಏನೂ ಅಲ್ಲ. ಐವತ್ತಾರು ಕೆ.ಜಿ. ತೂಕದ ಹುಡುಗನಿಗೆ ಅದು ಕೊನೆಯ ಐದು ಗುಂಡಿನಲ್ಲಿ ಗೊತ್ತಾಗುತ್ತದೆ.

ಸಮತೋಲ ಬೇರೆ, ಜಡತ್ವ ಬೇರೆ

ಇಲ್ಲಿ ಬಹಳ ಜನ ಎರಡನ್ನು ಒಂದೇ ಎಂದುಕೊಳ್ಳುತ್ತಾರೆ. ಸಮತೋಲವೆಂದರೆ ತೂಕ ಎಲ್ಲಿ ಬೀಳುತ್ತದೆ ಎಂಬುದು. ಜಡತ್ವವೆಂದರೆ ರೈಫಲ್ಲಿನ ಮೂತಿಯನ್ನು ಅತ್ತಿತ್ತ ತಿರುಗಿಸುವುದು ಎಷ್ಟು ಕಷ್ಟ ಎಂಬುದು. ತಂತಿಯ ಮೇಲೆ ನಡೆಯುವ ದೊಂಬರ ಹುಡುಗಿ ಉದ್ದ ಬಿದಿರು ಹಿಡಿಯುವುದು ಜಡತ್ವಕ್ಕಾಗಿ. ಅದೇ ತೂಕದ ಒಂದು ಕಲ್ಲನ್ನು ಹಿಡಿದರೆ ಅವಳಿಗೆ ಪ್ರಯೋಜನವಿಲ್ಲ.

ರೈಫಲ್ಲಿನಲ್ಲೂ ಹಾಗೆಯೇ. ಗಿಡ್ಡ ನಳಿಗೆಯ ರೈಫಲ್ಲಿಗೆ ಎರಡು ರೀತಿಯಲ್ಲಿ ತೂಕ ಸೇರಿಸಿ ನೋಡಿದೆವು. ಒಮ್ಮೆ ಚಾಸಿಯ ಮುಂಬದಿಯ ಹಳಿಗೆ, ನಳಿಗೆಯ ಹಿಂಬದಿಯ ಅಂಚಿನಿಂದ 30 ಸೆಂ.ಮೀ. ಮುಂದೆ, 200 ಗ್ರಾಂ. ಇನ್ನೊಮ್ಮೆ ಟ್ಯೂಬಿನ ತುದಿಗೆ, 70 ಸೆಂ.ಮೀ. ದೂರದಲ್ಲಿ, 100 ಗ್ರಾಂ. ಸಮತೋಲ ಬಿಂದು ಮೊದಲನೆಯದರಲ್ಲಿ 6.8 ಸೆಂ.ಮೀ., ಎರಡನೆಯದರಲ್ಲಿ 7 ಸೆಂ.ಮೀ. ಬಂತು. ಕೈಗೆ ಎರಡೂ ಒಂದೇ. ಆದರೆ ಜಡತ್ವ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ತುದಿಯ 100 ಗ್ರಾಂ ಸೇರಿಸುವ ಜಡತ್ವ, ಹಳಿಯ 200 ಗ್ರಾಂ ಸೇರಿಸುವುದಕ್ಕಿಂತ ಮೂರೂವರೆ ಪಟ್ಟಿಗೂ ಹೆಚ್ಚು. ಅರ್ಧ ತೂಕದಲ್ಲಿ ಮೂರುಪಟ್ಟು ಮಿಕ್ಕಿದ ಸ್ಥಿರತೆ.

ಹಾಗೆಂದು ತುದಿಗೆ ಬೇಕಾದಷ್ಟು ತೂಕ ನೇತುಹಾಕುವಂತಿಲ್ಲ. ಜಡತ್ವ ಹೆಚ್ಚಿದರೆ ಮೂತಿ ನಿಧಾನವಾಗಿ ಅಲೆಯುತ್ತದೆ. ಆದರೆ ಒಮ್ಮೆ ತಪ್ಪಿದ ಕಡೆ ಹೊರಟರೆ ಹಿಂತಿರುಗಿಸುವುದೂ ನಿಧಾನ. ಉಸಿರು ಹಿಡಿದು ಆರೇಳು ಸೆಕೆಂಡಿನೊಳಗೆ ಗುಂಡು ಹಾರಿಸುವವರಿಗೆ ಹಗುರ ಮೂತಿ ಹಿತ. ನಿಧಾನಿಗಳಿಗೆ ಭಾರ ಮೂತಿ. ಇನ್ನೊಂದು ಮಾತು: ನಳಿಗೆಯ ತುದಿಗೆ ಏನೇ ತೂಕ ಸೇರಿಸಿದರೂ, ತೆಗೆದರೂ ನಳಿಗೆ ಅದುರುವ ರೀತಿ ಬದಲಾಗುತ್ತದೆ. ನಿನ್ನೆಯವರೆಗೆ ಒಂದೇ ತೂತಿಗೆ ಬೀಳುತ್ತಿದ್ದ ತೋಟಾ ಇಂದು ಚೆದುರಬಹುದು. ಹೀಗಾಗಿ ಟ್ಯೂಬಿನ ತೂಕ ನಿಶ್ಚಯವಾದ ಮೇಲೆಯೇ ತೋಟಾದ ಲಾಟ್ ಪರೀಕ್ಷೆ ಮಾಡಿ, ಮೊದಲಲ್ಲ. ಚಾಸಿಯ ಹಳಿಯ ಮೇಲಿನ ತೂಕಕ್ಕೆ ಈ ತೊಂದರೆ ಬಹುಮಟ್ಟಿಗೆ ಇಲ್ಲ, ಏಕೆಂದರೆ ನಳಿಗೆ ಚಾಸಿಯನ್ನು ಮುಟ್ಟದೆ ತೇಲುತ್ತಿರುತ್ತದೆ.

ಮೂರು ಭಂಗಿ, ಮೂರು ಬೇಡಿಕೆ

ನಿಂತಾಗ ಸಮತೋಲ ಎಡಗೈಗೆ ಹತ್ತಿರ, ತುಸು ಮುಂದೆ ಇರಬೇಕು. ತೀರಾ ಮುಂದಿದ್ದರೆ ಶೂಟರ್ ಬೆನ್ನನ್ನು ಹಿಂದಕ್ಕೆ ಇನ್ನಷ್ಟು ಬಾಗಿಸಿ ಸರಿತೂಗಿಸುತ್ತಾನೆ. ವರ್ಷಗಟ್ಟಲೆ ಹಾಗೆ ಮಾಡಿದರೆ ಸೊಂಟ ಹಿಡಿಯುತ್ತದೆ.

ಬೋರಲು ಮಲಗಿದಾಗ ಎಡಗೈ ಬಹಳ ಮುಂದಿರುತ್ತದೆ, ತೋಳಿಗೆ ಕಟ್ಟಿದ ಪಟ್ಟಿ ಭಾರ ಹೊರುತ್ತದೆ. ಇಲ್ಲಿ ಸಮತೋಲ ಕೈಗಿಂತ ಹಿಂದೆ, ಕೈ ಮತ್ತು ಭುಜದ ನಡುವೆ ಬೀಳುತ್ತದೆ. ಮುಂಭಾರ ಹೆಚ್ಚಾದಷ್ಟೂ ಪಟ್ಟಿ ಬಿಗಿದು ಕೈಯ ನಾಡಿಮಿಡಿತ ಗುರಿಯಲ್ಲಿ ಕಾಣಿಸತೊಡಗುತ್ತದೆ. ಪ್ರತಿ ಬಡಿತಕ್ಕೂ ಉಂಗುರ ಸಣ್ಣಗೆ ಮೇಲೆ ಜಿಗಿಯುವುದು ಕಂಡರೆ ಮುಂದಿನ ತೂಕ ಕಡಿಮೆ ಮಾಡಿ ನೋಡಿ.

ಮಂಡಿಯೂರಿದ ಭಂಗಿ ಇವೆರಡರ ನಡುವಿನದು. ಎಡ ಮೊಣಕೈ ಮಂಡಿಯ ಮೇಲೆ, ಭಾರ ನೇರ ಕೆಳಗೆ ಇಳಿಯುತ್ತದೆ. ಸ್ವಲ್ಪ ಮುಂಭಾರವಿದ್ದರೆ ಅಡ್ಡಡ್ಡ ಅಲೆತ ಕಡಿಮೆ.

ಮೂರಕ್ಕೂ ಒಪ್ಪುವ ಒಂದೇ ಸಮತೋಲ ಇಲ್ಲ. ಆದ್ದರಿಂದ ಚಾಸಿಯ ಹಳಿಯ ಮೇಲಿನ ಬಿಲ್ಲೆಗಳು ಭಂಗಿ ಬದಲಿಸುವಾಗ ಒಂದೇ ಕೀಲಿಯಿಂದ ಬೇಗ ಸರಿಯುವಂತಿರಬೇಕು. ಟ್ಯೂಬಿನ ತೂಕವನ್ನು ಮಾತ್ರ ಸ್ಪರ್ಧೆಯ ನಡುವೆ ಮುಟ್ಟಬೇಡಿ. ಪುರುಷರ 50 ಮೀಟರ್ ರೈಫಲ್ಲಿಗೆ ಎಲ್ಲ ಪರಿಕರ ಸೇರಿ 8 ಕೆ.ಜಿ. ಮಿತಿಯಿದೆ, ಅಂಗೈಯ ಆಸರೆಯೂ ಆ ಲೆಕ್ಕದಲ್ಲೇ ಬರುತ್ತದೆ ಎಂಬುದು ನೆನಪಿರಲಿ.

ಅಳೆಯುವುದು ಹೇಗೆ?

ಬೆರಳ ಮೇಲೆ ರೈಫಲ್ ತೂಗಿ ಸಮತೋಲ ಹೇಳುವವರಿದ್ದಾರೆ. ಅದಕ್ಕಿಂತ ಎರಡು ಅಡುಗೆಮನೆ ತಕ್ಕಡಿ ವಾಸಿ. ರೈಫಲ್ ಖಾಲಿಯಿದೆ ಎಂದು ನೋಡಿ, ಬೋಲ್ಟ್ ತೆಗೆದು ಪಕ್ಕಕ್ಕಿಟ್ಟು, ಚೇಂಬರಿನಲ್ಲಿ ಸುರಕ್ಷತೆಯ ದಾರ ಹಾಕಿಯೇ ಈ ಕೆಲಸ ಮಾಡಿ. ಬೋಲ್ಟಿನ ತೂಕ ಆಮೇಲೆ ಕೂಡಿಸಿಕೊಂಡರಾಯಿತು.

ಎರಡು ತಕ್ಕಡಿಗಳನ್ನು 60 ಸೆಂ.ಮೀ. ಅಂತರದಲ್ಲಿಟ್ಟು, ಒಂದೊಂದರ ಮೇಲೂ ಮೊನೆಯಿರುವ ಮರದ ತುಂಡು ಇಟ್ಟು, ರೈಫಲ್ಲನ್ನು ಅವುಗಳ ಮೇಲೆ ಮಲಗಿಸಿ. ಹಿಂದಿನ ತಕ್ಕಡಿ 4.2 ಕೆ.ಜಿ., ಮುಂದಿನದು 2.1 ಕೆ.ಜಿ. ತೋರಿಸಿತು ಎನ್ನಿ. ಮುಂದಿನ ತೂಕವನ್ನು ಅಂತರದಿಂದ ಗುಣಿಸಿ, ಒಟ್ಟು ತೂಕದಿಂದ ಭಾಗಿಸಿ: 2.1 ಗುಣಿಸು 60, ಭಾಗಿಸು 6.3. ಉತ್ತರ 20. ಸಮತೋಲ ಬಿಂದು ಹಿಂದಿನ ಮೊನೆಯಿಂದ 20 ಸೆಂ.ಮೀ. ಮುಂದಿದೆ. ಅಲ್ಲೊಂದು ಟೇಪ್ ಅಂಟಿಸಿ, ದಿನಾಂಕ ಬರೆದಿಡಿ. ಇಷ್ಟಾದರೆ ಮುಂದೆ ಏನೇ ತೂಕ ಸೇರಿಸಿದರೂ ಹಾಕುವ ಮೊದಲೇ ಕಾಗದದ ಮೇಲೆ ಫಲಿತಾಂಶ ನೋಡಬಹುದು.

ಹುಡುಗನ ತೀರ್ಮಾನ

ಅಂಕಿಗಳು ದಾರಿ ತೋರಿಸುತ್ತವೆ, ಒಪ್ಪಿಗೆ ಕೊಡಬೇಕಾದದ್ದು ಮೈ. ಕೋಚ್ ಸಾಹೇಬರ ಒಪ್ಪಿಗೆ ಪಡೆದು ನಾಲ್ಕು ವಾರ ಒಂದು ಪರೀಕ್ಷೆ ನಡೆಸಿದೆವು. ಉದ್ದ ನಳಿಗೆ, ಗಿಡ್ಡ ನಳಿಗೆ ಮತ್ತು ಹಳಿಯ ತೂಕ, ಗಿಡ್ಡ ನಳಿಗೆ ಮತ್ತು ತುದಿಯ ತೂಕ, ಹೀಗೆ ಮೂರು ಜೋಡಣೆ. ಪ್ರತಿಯೊಂದರಲ್ಲೂ ನಿಂತು 20 ಗುಂಡು, ಜೊತೆಗೆ ಸ್ಕ್ಯಾಟ್ ಯಂತ್ರದ ಮೇಲೆ ಗುಂಡಿಲ್ಲದ ಅಭ್ಯಾಸ. ಮೂತಿ ಎಲ್ಲೆಲ್ಲಿ ಅಲೆಯಿತು ಎಂಬುದನ್ನು ಈ ಯಂತ್ರ ಪರದೆಯ ಮೇಲೆ ಗೆರೆಯಾಗಿ ಬರೆದು ತೋರಿಸುತ್ತದೆ. ಯಾವ ದಿನ ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದೆವು. ಇಲ್ಲದಿದ್ದರೆ ಕೊನೆಯಲ್ಲಿ ಬಂದ ಜೋಡಣೆಯ ಮೇಲೆ ದಣಿವಿನ ತಪ್ಪೆಲ್ಲ ಬೀಳುತ್ತಿತ್ತು.

ಉದ್ದ ನಳಿಗೆಯಲ್ಲಿ ಅವನ ಮೊದಲ ಹತ್ತು ಗುಂಡು ಎಲ್ಲಕ್ಕಿಂತ ಚೆನ್ನಾಗಿದ್ದವು. ಎರಡನೆಯ ಹತ್ತರಲ್ಲಿ ಗೆರೆ ಕೆಳಮುಖವಾಗಿ ಇಳಿಯುತ್ತಿತ್ತು, ಸರಾಸರಿ ನಾಲ್ಕು ಅಂಕ ಹೋಗುತ್ತಿದ್ದವು. ಹಳಿಯ ತೂಕದಲ್ಲಿ ದಣಿವಿಲ್ಲ, ಆದರೆ ಗೆರೆ ಚಂಚಲ. ತುದಿಯ ತೂಕದಲ್ಲಿ ಮೊದಲ ಹತ್ತು, ಎರಡನೆಯ ಹತ್ತು ಹೆಚ್ಚುಕಡಿಮೆ ಸಮ. ಎರಡನೆಯ ಹತ್ತರಲ್ಲಿ ಉದ್ದ ನಳಿಗೆಗಿಂತ ಸರಾಸರಿ ಮೂರು ಅಂಕ ಜಾಸ್ತಿ. ಇದೇ ಪರೀಕ್ಷೆಯನ್ನು ನಮ್ಮ ಕ್ಲಬ್ಬಿನ ಇನ್ನೊಬ್ಬ ಶೂಟರ್ ಮೇಲೂ ಮಾಡಿದೆವು. ಅವರು ಆರಡಿಯ ಆಸಾಮಿ, ಹಿಂದೆ ಕುಸ್ತಿ ಆಡಿದವರು. ಅವರಿಗೆ ಉದ್ದ ನಳಿಗೆಯೇ ಲಾಯಕ್ಕಾಗಿತ್ತು. ಒಬ್ಬರಿಗೆ ಒಪ್ಪಿದ್ದು ಎಲ್ಲರಿಗೂ ಒಪ್ಪಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಾಕಾ ಲ್ಯಾಪ್‌ಟಾಪಿನ ಗೆರೆಗಳನ್ನು ಬಹಳ ಹೊತ್ತು ನೋಡಿದರು. "ಅಂದ್ರ ಸಣ್ಣ ನಳಿಗಿಗೆ ರೊಕ್ಕ ಕಮ್ಮೇನ್ರಿ?" ಎಂದು ಕೇಳಿದರು. ಕಡಿಮೆಯೇನಿಲ್ಲ ಎಂದೆ. ನಕ್ಕರು. ಮಗನ ಕಡೆ ತಿರುಗಿ, "ಕಡೀ ಐದ ಗುಂಡಿಗೆ ಕೈ ಸೋಲಬಾರದು, ಅಷ್ಟ ನೋಡ. ಉಳಿದದ್ದು ನಾ ನೋಡಕೋತೀನಿ" ಎಂದರು. 50 ಸೆಂ.ಮೀ. ನಳಿಗೆ, ಅಲ್ಯುಮಿನಿಯಂ ಚಾಸಿ, 20 ಸೆಂ.ಮೀ. ಟ್ಯೂಬ್, ಬಿಡಿ ಬಿಲ್ಲೆಗಳ ಒಂದು ಸೆಟ್ ಎಂದು ಆರ್ಡರ್ ಹೋಗಿದೆ. ಬರಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಅವನು ಕ್ಲಬ್ಬಿನ ಗಿಡ್ಡ ನಳಿಗೆಯಲ್ಲೇ ಅದೇ ತೂಕ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಾನೆ.

ಮಕ್ಕಳಿಗೆ ರೈಫಲ್ ಕೊಡಿಸುವ ಯೋಚನೆಯಲ್ಲಿರುವ ಓದುಗರಿಗೆ ಕೊನೆಯದಾಗಿ ನಾಲ್ಕು ಮಾತು. ಮುಂಬೈನವರಿಗೆ ವರ್ಲಿಯ ರೇಂಜ್ ಇದೆ, ದೆಹಲಿಯವರಿಗೆ ತುಘಲಕಾಬಾದಿನ ಡಾ. ಕರ್ಣಿ ಸಿಂಗ್ ರೇಂಜ್, ಹೈದರಾಬಾದಿನವರಿಗೆ ಗಚ್ಚಿಬೌಲಿ. ಆರ್ಡರ್ ಕೊಡುವ ಮೊದಲು ಎರಡು ಬೇರೆ ಉದ್ದದ ನಳಿಗೆಗಳಲ್ಲಿ ಮಗುವನ್ನು ನಿಲ್ಲಿಸಿ ನೋಡಿ. ಮೊದಲ ಗುಂಡಿನ ಅಂಕ ನೋಡಬೇಡಿ, ಇಪ್ಪತ್ತನೆಯ ಗುಂಡಿನದ್ದು ನೋಡಿ. ಬೆಳೆಯುವ ವಯಸ್ಸಿನವರಿಗಾದರೆ ತೂಕ ಸೇರಿಸಲು ಜಾಗವಿರುವ ಹಗುರ ಜೋಡಣೆ ಆರಿಸಿ. ಬಿಲ್ಲೆಯನ್ನು ವರ್ಷಕ್ಕೊಂದರಂತೆ ಸೇರಿಸಬಹುದು, ಉಕ್ಕನ್ನು ತೆಗೆಯಲು ಕಾನೂನು ಬಿಡುವುದಿಲ್ಲ.